ಬಿತ್ತನೆಗೆ ಮೊದಲು ನೀರಿನ ಲೆಕ್ಕ: ಕಾವೇರಿ ಕೊಳ್ಳದ ರೈತರಿಗೊಂದು ಕೈಪಿಡಿ

2023ರಲ್ಲಿ ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್) ತುಂಬಲಿಲ್ಲ. ಆ ವರ್ಷದ ಆಗಸ್ಟ್, 1901ರಿಂದ ಈಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸಾರಬೇಕಾಯಿತು. ಎರಡು ವರ್ಷ ಕಳೆದು 2025ರಲ್ಲಿ ಅದೇ ಕಟ್ಟೆ ಜೂನ್ ಮುಗಿಯುವ ಹೊತ್ತಿಗೇ ತುಂಬಿ, ಜೂನ್ 30ರಂದು ಬಾಗಿನ ಅರ್ಪಿಸಿದ್ದೂ ಆಯಿತು. ಒಂದೇ ಕೊಳ್ಳ, ಒಂದೇ ಕಟ್ಟೆ. ಇಷ್ಟು ಹೊಯ್ದಾಡುವ ನೀರನ್ನು ನಂಬಿ ಹಳೆಯ ವಾಡಿಕೆಯಂತೆ ಬೆಳೆ ಇಡುವುದು ಹೇಗೆ?

ಬಿಸಿಯಾದ ಗಾಳಿ ಹೆಚ್ಚು ತೇವ ಹಿಡಿದುಕೊಳ್ಳುತ್ತದೆ. ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು ಶೇ 7ರಷ್ಟು ಹೆಚ್ಚು. ಆ ತೇವ ಇಳಿಯುವಾಗ ಒಮ್ಮೆಗೇ ಧೋ ಎಂದು ಇಳಿಯುತ್ತದೆ, ನಡುನಡುವೆ ವಾರಗಟ್ಟಲೆ ಬಿಸಿಲು. ಕೇಂದ್ರ ಭೂ ವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ ವರದಿಯ ಪ್ರಕಾರ 1951ರಿಂದ 2015ರ ನಡುವೆ ದೇಶದ ಮುಂಗಾರು ಮಳೆ ಸುಮಾರು ಶೇ 6ರಷ್ಟು ಕಡಿಮೆಯಾಗಿದೆ. ಎದ್ದು ಕಾಣುವಂತೆ ಕುಸಿದಿರುವುದು ಗಂಗಾ ಬಯಲಿನಲ್ಲಿ ಮತ್ತು ಪಶ್ಚಿಮ ಘಟ್ಟದಲ್ಲಿ. ಕಾವೇರಿ, ಹೇಮಾವತಿ, ಹಾರಂಗಿ, ಲಕ್ಷ್ಮಣತೀರ್ಥ, ಕಬಿನಿ ಎಲ್ಲವೂ ಹುಟ್ಟುವುದು ಆ ಘಟ್ಟದ ಸಾಲಿನಲ್ಲೇ. 'ಆರಿದ್ರಾ ಮಳೆ ಆರದೆ ಹೊಯ್ಯುತ್ತೆ' ಅನ್ನುವ ಮಾತನ್ನು ನೆಚ್ಚಿ ಬೀಜ ಹಾಕುವ ಕಾಲ ಇದಲ್ಲ.

ಹಾಗಾದರೆ ರೈತರು ಮಾಡಬಹುದಾದದ್ದೇನು? ಕೈಯಲ್ಲಿರುವ ನೀರನ್ನು ಅಳೆದು, ಯಾವ ತಾರೀಖಿನವರೆಗೆ ಕಾಯುವುದೆಂದು ಮೊದಲೇ ಗೊತ್ತುಮಾಡಿಕೊಂಡು, ಅದರ ಮೇಲೆ ಬೆಳೆ ತೀರ್ಮಾನಿಸುವುದು. ಇದಕ್ಕೆ ಬೇಕಾದ ಸಾಮಾನು ಹೆಚ್ಚಿಲ್ಲ: ಒಂದು ನೋಟ್‌ಬುಕ್, ಒಂದು ಡ್ರಮ್, ಒಂದು ತುಂಡು ಪಿವಿಸಿ ಪೈಪ್. ಮಂಡ್ಯ, ಮೈಸೂರು, ಚಾಮರಾಜನಗರ, ಹಾಸನ, ರಾಮನಗರದ ಕಡೆಯ ಜಮೀನುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಬೇರೆ ಕೊಳ್ಳದವರು ತಾರೀಖು, ತಳಿ ಬದಲಿಸಿಕೊಂಡರೆ ಲೆಕ್ಕದ ಕ್ರಮ ಅವರಿಗೂ ಆಗುತ್ತದೆ.

ಹೆಜ್ಜೆ 1: ಹೊಲ ಯಾವ ನೀರನ್ನು ನೆಚ್ಚಿಕೊಂಡಿದೆ ಎಂದು ಬರೆದುಕೊಳ್ಳಿ

ನಾಲೆ, ಕೆರೆ, ಬೋರ್‌ವೆಲ್, ಬರೀ ಮಳೆ. ಈ ನಾಲ್ಕರಲ್ಲಿ ನಿಮ್ಮ ಜಮೀನಿನ ಯಾವ ಭಾಗಕ್ಕೆ ಯಾವುದು ಎಂದು ಸರ್ವೆ ನಂಬರ್‌ವಾರು ಬರೆಯಿರಿ. ನಾಲೆಯಾದರೆ ತೂಬಿನ ಹತ್ತಿರವೋ, ನಡುವೆಯೋ, ಕೊನೆಯಂಚೋ ಅದನ್ನೂ ಬರೆಯಿರಿ. ಕೊನೆಯಂಚಿನವರಿಗೆ 'ನಾಲೆಗೆ ನೀರು ಬಿಟ್ಟರು' ಅನ್ನುವ ಸುದ್ದಿಗೂ ಗದ್ದೆಗೆ ನೀರು ಮುಟ್ಟುವುದಕ್ಕೂ ನಡುವೆ ಎಷ್ಟು ದಿನ ಹಿಡಿಯುತ್ತದೆಂಬುದು ಗೊತ್ತೇ ಇದೆ. ಆ ದಿನಗಳೂ ನಿಮ್ಮ ಲೆಕ್ಕದಲ್ಲಿ ಇರಬೇಕು.

ಅಚ್ಚುಕಟ್ಟಿನ ರೈತರು ಸಾಮಾನ್ಯವಾಗಿ ಮರೆಯುವ ಸಂಗತಿ ಒಂದಿದೆ. ನಾಲೆ ಬಯಲಿನ ಬೋರ್‌ವೆಲ್‌ಗಳಿಗೆ ನೀರು ಬಹುಪಾಲು ಬರುವುದು ನಾಲೆಯ ಜಿನುಗಿನಿಂದ, ಗದ್ದೆಯ ಬಸಿನೀರಿನಿಂದ. ನಾಲೆ ನಿಂತ ಕೆಲವೇ ತಿಂಗಳಲ್ಲಿ ಬೋರ್ ಕೂಡ ಇಳಿಯತೊಡಗುತ್ತದೆ. 'ನಾಲೆ ಕೈಕೊಟ್ಟರೆ ಬೋರ್ ಇದೆ' ಎಂದುಕೊಂಡವರು ಇವೆರಡನ್ನೂ ಬೇರೆ ಬೇರೆ ಆಸರೆ ಎಂದು ಎಣಿಸಬಾರದು.

ಪತ್ರಿಕೆಯಲ್ಲಿ ಬರುವ ಕಟ್ಟೆಯ ಮಟ್ಟವನ್ನು ಸರಿಯಾಗಿ ಓದುವುದೂ ಈ ಹೆಜ್ಜೆಗೇ ಸೇರಿದ್ದು. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ, ತುಂಬಿದಾಗ ಹಿಡಿಯುವುದು 49.45 ಟಿಎಂಸಿ ಅಡಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಮಟ್ಟ 100 ಅಡಿ ಇದೆ ಎಂದಾಗ ಮುಕ್ಕಾಲು ಭಾಗಕ್ಕಿಂತ ಹೆಚ್ಚು ನೀರಿದೆ ಅನ್ನಿಸುತ್ತದೆ. ನಿಜವಾಗಿ ಅರ್ಧವೂ ಇರುವುದಿಲ್ಲ. ಜಲಾಶಯ ಬಾಣಲೆಯಂತೆ ಮೇಲೆ ಅಗಲ, ಕೆಳಗೆ ಕಿರಿದು. ಆದ್ದರಿಂದ ಅಡಿಯನ್ನು ಬಿಟ್ಟು ಟಿಎಂಸಿ ನೋಡಿ. ಒಳಹರಿವನ್ನು ಕ್ಯೂಸೆಕ್‌ನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಘನ ಅಡಿ ಎಂದು, ಕೊಟ್ಟಿರುತ್ತಾರೆ. ಸುಮಾರು 11,570 ಕ್ಯೂಸೆಕ್ ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ. ಐದು ಸಾವಿರ ಕ್ಯೂಸೆಕ್ ಬಂದರೆ ದಿನಕ್ಕೆ ಅರ್ಧ ಟಿಎಂಸಿಗೂ ಕಡಿಮೆ.

ಕಟ್ಟೆಯಲ್ಲಿರುವುದೆಲ್ಲ ನಮ್ಮ ನಾಲೆಗೆ ಬರುವುದಿಲ್ಲ. 2018ರ ಫೆಬ್ರುವರಿ 16ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಕರ್ನಾಟಕದ ಪಾಲು 284.75 ಟಿಎಂಸಿ. ವಾಡಿಕೆ ಮಳೆಯ ವರ್ಷದಲ್ಲಿ ಗಡಿಯ ಬಿಳಿಗುಂಡ್ಲು ಅಳತೆ ಕೇಂದ್ರದಲ್ಲಿ ತಮಿಳುನಾಡಿಗೆ ಹರಿಯಬೇಕಾದ್ದು 177.25 ಟಿಎಂಸಿ, ಅದರಲ್ಲಿ 123.14 ಟಿಎಂಸಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೆಂಗಳೂರಿಗೆ ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು, ಅದೊಂದೇ ದಿನಕ್ಕೆ 77.5 ಕೋಟಿ ಲೀಟರ್. ಕುಡಿಯುವ ನೀರಿಗೆ ಮೊದಲ ಆದ್ಯತೆ ಇರಬೇಕಾದ್ದೇ. ಮಳೆ ಕೊರತೆಯಾದ ವರ್ಷ ಕೊನೆಗೆ ಉಳಿದದ್ದರಲ್ಲಿ ಬೇಸಾಯ ಆಗಬೇಕಾಗುತ್ತದೆ. ಈ ಸತ್ಯ ನುಂಗಲು ಕಷ್ಟ, ಆದರೆ ಜುಲೈನಲ್ಲಿ ಒಪ್ಪಿಕೊಂಡರೆ ಅಕ್ಟೋಬರ್‌ನಲ್ಲಿ ಒಣಗಿದ ಪೈರು ನೋಡುವುದು ತಪ್ಪುತ್ತದೆ.

ಹೆಜ್ಜೆ 2: ನಿಮ್ಮ ಹೊಲದ ಮಳೆಯನ್ನು ನೀವೇ ಅಳೆಯಿರಿ

ಪಕ್ಕದೂರಿಗೆ ಸುರಿದ ಮಳೆ ನಮ್ಮೂರಿಗೆ ಹನಿ ಹಾಕದೆ ಹೋಗುವುದು ಈಗ ಮೊದಲಿಗಿಂತ ಹೆಚ್ಚು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ, ಅದರ ಅಂಕಿ ಖಂಡಿತ ನೋಡಿ. ಜೊತೆಗೆ ಹೊಲದಲ್ಲಿ ನಿಮ್ಮದೂ ಒಂದಿರಲಿ.

ಎರಡು ಲೀಟರಿನ, ಮೈ ನೇರವಾಗಿರುವ ಪ್ಲಾಸ್ಟಿಕ್ ಬಾಟಲಿಯನ್ನು ಭುಜದ ಬಳಿ ಕತ್ತರಿಸಿ. ಕತ್ತರಿಸಿದ ಮೇಲ್ಭಾಗವನ್ನು ತಲೆಕೆಳಗಾಗಿ ಆಲಿಕೆಯಂತೆ ಕೂರಿಸಿ. ತಳ ಉಬ್ಬುತಗ್ಗಾಗಿರುತ್ತದೆ, ಅದಕ್ಕೆ ಒಂದಿಷ್ಟು ಕಲ್ಲು ಹಾಕಿ, ಮೈ ನೇರವಾಗುವ ಜಾಗದವರೆಗೆ ನೀರು ತುಂಬಿ ಅಲ್ಲಿ ಸೊನ್ನೆ ಗೆರೆ ಎಳೆಯಿರಿ. ಅಲ್ಲಿಂದ ಮೇಲಕ್ಕೆ ಮಿಲಿಮೀಟರ್ ಪಟ್ಟಿ ಅಂಟಿಸಿ. ಮರ, ಮನೆಯಿಂದ ದೂರ, ಬಯಲಲ್ಲಿ ಗೂಟಕ್ಕೆ ಕಟ್ಟಿ. ದಿನಾ ಬೆಳಿಗ್ಗೆ ಎಂಟೂವರೆಗೆ ನೋಡಿ ಬರೆದು, ನೀರನ್ನು ಮತ್ತೆ ಸೊನ್ನೆ ಗೆರೆಗೆ ತನ್ನಿ. ಶಾಲೆಗೆ ಹೋಗುವ ಮಕ್ಕಳಿಗೆ ಈ ಕೆಲಸ ಕೊಟ್ಟರೆ ಒಂದು ದಿನವೂ ತಪ್ಪಿಸುವುದಿಲ್ಲ.

ಲೆಕ್ಕ ಸುಲಭ. ಒಂದು ಮಿ.ಮೀ. ಮಳೆ ಅಂದರೆ ಒಂದು ಗುಂಟೆಗೆ ಸುಮಾರು 101 ಲೀಟರ್, ಎಕರೆಗೆ 4,047 ಲೀಟರ್. 25 ಮಿ.ಮೀ. ಬಿದ್ದರೆ ಎಕರೆಗೆ ಲಕ್ಷ ಲೀಟರ್ ಸುರಿಯಿತು ಎಂದರ್ಥ. ಆದರೆ ಸುರಿದದ್ದೆಲ್ಲ ಇಂಗುವುದಿಲ್ಲ. ಅರ್ಧ ಗಂಟೆಯಲ್ಲಿ ಬಿದ್ದ 25 ಮಿ.ಮೀ.ಗೂ ಇಡೀ ರಾತ್ರಿ ಜಡಿ ಹಿಡಿದು ಬಿದ್ದ 25 ಮಿ.ಮೀ.ಗೂ ಬಹಳ ವ್ಯತ್ಯಾಸ. ಹಾಗಾಗಿ ಅಳತೆಯ ಪಕ್ಕದಲ್ಲಿ 'ರಭಸ' ಅಥವಾ 'ಜಡಿ' ಎಂದು ಒಂದು ಮಾತು ಬರೆಯಿರಿ. ಬಿತ್ತುವ ಮೊದಲು ಗುದ್ದಲಿಯಿಂದ ಅಗೆದು ನೋಡಿ. ಒಂದು ಗೇಣು ಆಳದವರೆಗೆ ತೇವ ಇಳಿದಿರಬೇಕು, ಆ ಆಳದ ಮಣ್ಣನ್ನು ಮುಷ್ಟಿಯಲ್ಲಿ ಅದುಮಿದರೆ ಉಂಡೆ ಕಟ್ಟಬೇಕು. ಮೇಲಷ್ಟೇ ಒದ್ದೆಯಾಗಿ ಕೆಳಗೆ ಒಣಗಿದ್ದರೆ ಹದ ಬಂದಿಲ್ಲ. ಮೊದಲ ಮಳೆಗೇ ಬಿತ್ತಿ, ಮೊಳಕೆ ಒಣಗಿ, ಎರಡನೇ ಸಲ ಬೀಜ ಕೊಳ್ಳುವ ಖರ್ಚು ಎಷ್ಟೆಂದು ಬಿತ್ತಿದವರಿಗೇ ಗೊತ್ತು.

ಹೆಜ್ಜೆ 3: ಬೋರ್‌ವೆಲ್ಲಿನ ನಿಜವಾದ ಶಕ್ತಿ ತಿಳಿಯಿರಿ

'ಎರಡಿಂಚು ನೀರಿದೆ' ಅನ್ನುವುದು ಬೋರ್ ಕೊರೆದ ದಿನದ ಮಾತು. ಇವತ್ತು ಎಷ್ಟಿದೆ ಎಂಬುದು ನಮಗೆ ಬೇಕಾದ್ದು.

200 ಲೀಟರಿನ ಡ್ರಮ್ ತನ್ನಿ. ಮೋಟಾರ್ ಹಾಕಿ ಒಂದು ಗಂಟೆ ಓಡಲು ಬಿಡಿ, ಏಕೆಂದರೆ ಮೊದಲ ಹತ್ತು ನಿಮಿಷದ ನೀರು ಕೊಳವೆಯಲ್ಲಿ ನಿಂತದ್ದು, ಅದನ್ನು ನೋಡಿ ಮೋಸ ಹೋಗಬಾರದು. ಆಮೇಲೆ ಪೈಪನ್ನು ಡ್ರಮ್ಮಿಗೆ ತಿರುಗಿಸಿ, ಮೊಬೈಲಿನಲ್ಲಿ ಸಮಯ ನೋಡಿ. ತುಂಬಲು ಎರಡು ನಿಮಿಷ ಹಿಡಿಯಿತು ಅನ್ನಿ. ಗಂಟೆಗೆ ಮೂವತ್ತು ಡ್ರಮ್, ಅಂದರೆ 6,000 ಲೀಟರ್. ಥ್ರೀ ಫೇಸ್ ಕರೆಂಟ್ ಏಳು ಗಂಟೆ ಸಿಕ್ಕರೆ ದಿನಕ್ಕೆ 42,000 ಲೀಟರ್. ಇದನ್ನು 4,047ರಿಂದ ಭಾಗಿಸಿದರೆ ಒಂದು ಎಕರೆಗೆ ದಿನಕ್ಕೆ ಹತ್ತು ಮಿ.ಮೀ. ಚಿಲ್ಲರೆ.

ಬೇಸಿಗೆ ಭತ್ತಕ್ಕೆ ಆವಿಯಾಗುವುದೂ ಇಂಗುವುದೂ ಸೇರಿ ದಿನಕ್ಕೆ ಹೆಚ್ಚುಕಡಿಮೆ ಹತ್ತು ಮಿ.ಮೀ. ಬೇಕು. 'ಸರಿಹೋಯಿತಲ್ಲ, ಒಂದು ಎಕರೆ ಹಾಕೋಣ' ಎಂದು ಜನವರಿಯಲ್ಲಿ ನಾಟಿ ಮಾಡುತ್ತೇವೆ. ಮಾರ್ಚ್ ಕೊನೆಗೆ ಮತ್ತೆ ಡ್ರಮ್ ಇಟ್ಟು ನೋಡಿ. ಈಗ ಮೂರು ನಿಮಿಷ ಹಿಡಿಯುತ್ತದೆ ಅನ್ನಿ. ದಿನಕ್ಕೆ 28,000 ಲೀಟರ್, ಅಂದರೆ ಏಳು ಮಿ.ಮೀ.ಗೂ ಕಡಿಮೆ. ಪೈರು ಹೊಡೆಬಿಚ್ಚಿ ಕಾಳು ಕಟ್ಟುವ ಹೊತ್ತಿಗೆ ದಿನಾ ಮೂರು ಮಿ.ಮೀ. ಸಾಲ ಬೀಳುತ್ತದೆ. ಆಗ ಮನೆಯಲ್ಲಿ ಶುರುವಾಗುವುದು ಹೊಸ ಬೋರ್ ಕೊರೆಸುವ ಮಾತು, ಸಾಲದ ಮಾತು. ಅದೇ ನೀರಿನಲ್ಲಿ ಒಂದು ಎಕರೆ ರಾಗಿ ನಿಶ್ಚಿಂತೆಯಿಂದ ಆಗುತ್ತಿತ್ತು.

ಆದ್ದರಿಂದ ವರ್ಷಕ್ಕೆ ಮೂರು ಸಲ ಅಳೆಯಿರಿ: ಮಳೆಗಾಲ ಮುಗಿದ ಮೇಲೆ ನವೆಂಬರ್‌ನಲ್ಲಿ, ಬೇಸಿಗೆ ಬೆಳೆಗೆ ಮುನ್ನ ಜನವರಿಯಲ್ಲಿ, ಏಪ್ರಿಲ್‌ನಲ್ಲಿ. ಬೆಳೆ ತೀರ್ಮಾನಕ್ಕೆ ಹಿಂದಿನ ವರ್ಷದ ಏಪ್ರಿಲ್ ಅಂಕಿಯನ್ನೇ ಹಿಡಿಯಿರಿ. ಆಟೋ ಸ್ಟಾರ್ಟರ್ ಹಾಕಿ ಕರೆಂಟ್ ಬಂದಾಗಲೆಲ್ಲ ಮೋಟಾರ್ ತಾನಾಗಿ ಓಡಲು ಬಿಡುವುದನ್ನು ನಿಲ್ಲಿಸಿ. ಬೇಕಿಲ್ಲದ ರಾತ್ರಿ ಹರಿದ ಆ ನೀರು ಪಕ್ಕದ ಜಮೀನಿನವರ ಬಾವಿಯದೂ ಹೌದು, ನಿಮ್ಮ ಏಪ್ರಿಲ್ ತಿಂಗಳದೂ ಹೌದು.

ಹೆಜ್ಜೆ 4: ಜಮಾ ಎಷ್ಟು, ಖರ್ಚು ಎಷ್ಟು

ಒಂದು ಬೆಳೆಗೆ ಬಿತ್ತನೆಯಿಂದ ಕೊಯ್ಲಿನವರೆಗೆ ಬೇಕಾಗುವ ನೀರನ್ನು ಮಿ.ಮೀ.ನಲ್ಲೇ ಲೆಕ್ಕ ಹಾಕಿದರೆ ಮಳೆಯ ಜೊತೆ ನೇರವಾಗಿ ಹೋಲಿಸಬಹುದು. ನಾಟಿ ಭತ್ತಕ್ಕೆ 1,200 ಮಿ.ಮೀ. ಆಸುಪಾಸು, ಕಬ್ಬಿಗೆ 1,500ರಿಂದ 2,500, ಮುಸುಕಿನ ಜೋಳಕ್ಕೆ 500ರಿಂದ 800, ಕಡಲೆಕಾಯಿಗೆ 500ರಿಂದ 700, ರಾಗಿಗೆ 400ರಿಂದ 450. ಮಣ್ಣು, ಹಂಗಾಮು ನೋಡಿ ಹೆಚ್ಚುಕಡಿಮೆ ಆಗುತ್ತದೆ.

ಲೀಟರಿಗೆ ತಿರುಗಿಸಿದರೆ ಒಂದು ಎಕರೆ ಭತ್ತಕ್ಕೆ 48 ಲಕ್ಷ ಲೀಟರ್ ಮೀರುತ್ತದೆ, ರಾಗಿಗೆ 18 ಲಕ್ಷ ಸಾಕು, ಕಬ್ಬಿಗೆ ಸರಾಸರಿ 80 ಲಕ್ಷ. ಮಂಡ್ಯ ಜಿಲ್ಲೆಯಲ್ಲಿ ವರ್ಷವಿಡೀ ಬೀಳುವ ಮಳೆಯೇ ಸುಮಾರು 700 ಮಿ.ಮೀ. ಎಂದಮೇಲೆ ಭತ್ತ, ಕಬ್ಬಿಗೆ ಉಳಿದ ನೀರು ಕೊಡಗು, ವಯನಾಡು, ಸಕಲೇಶಪುರದ ಕಡೆಯಿಂದ ಬರಬೇಕು. ಅಲ್ಲಿನ ಮಳೆ ತಪ್ಪಿದರೆ ಇಲ್ಲಿನ ಗದ್ದೆ ತಪ್ಪಿತು.

ನೋಟ್‌ಬುಕ್ಕಿನ ಒಂದು ಪುಟದಲ್ಲಿ ಎಡಕ್ಕೆ ಜಮಾ: ಬೋರ್ ಕೊಡುವುದು, ಹಂಗಾಮಿನಲ್ಲಿ ಖಾತ್ರಿಯಾಗಿ ಬೀಳುವ ಮಳೆ, ನಾಲೆ ಕಟ್ಟಿನ (ಸರದಿಯಂತೆ ಬಿಡುವ) ನೀರು. ಮಳೆಯನ್ನು ಬರೆಯುವಾಗ ಒಳ್ಳೆಯ ವರ್ಷದ್ದನ್ನು ಬರೆಯಬೇಡಿ, ನಿಮ್ಮ ನೆನಪಿನ ಐದು ವರ್ಷಗಳಲ್ಲಿ ಕಡಿಮೆ ಬಿದ್ದ ವರ್ಷದ್ದನ್ನು ಬರೆಯಿರಿ. ಬಲಕ್ಕೆ ಖರ್ಚು: ಪ್ರತಿ ಬೆಳೆಗೆ ಎಕರೆವಾರು ನೀರು, ಜೊತೆಗೆ ದನಕರುಗಳದ್ದು. ಖರ್ಚು ಹೆಚ್ಚಾಗಿ ಕಂಡರೆ ವಿಸ್ತೀರ್ಣ ಕಡಿಮೆ ಮಾಡಿ ಅಥವಾ ಬೆಳೆ ಬದಲಿಸಿ. ಜಮೀನನ್ನು ಪಾಲು ಮಾಡುವುದೇ ಒಳ್ಳೆಯ ದಾರಿ ಎಂದು ನನ್ನ ಅನಿಸಿಕೆ. ಮೂರು ಎಕರೆ ಇದ್ದರೆ ಮನೆಗೆ ಬೇಕಾಗುವಷ್ಟು ಒಂದು ಎಕರೆ ಭತ್ತ, ಉಳಿದದ್ದಕ್ಕೆ ರಾಗಿ, ಅದರಲ್ಲಿ ಅಕ್ಕಡಿ ಸಾಲಿಗೆ (ನಡುನಡುವಿನ ಮಿಶ್ರಬೆಳೆ ಸಾಲಿಗೆ) ತೊಗರಿ, ಅವರೆ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕಿದರೆ, ಮಳೆ ಬೇಗ ಕಡಿದುಹೋದರೂ ಆಳಕ್ಕೆ ಬೇರು ಬಿಟ್ಟ ತೊಗರಿ ಏನಾದರೂ ಕೊಟ್ಟೇ ಕೊಡುತ್ತದೆ.

ಹೆಜ್ಜೆ 5: ತಾರೀಖು ಕಟ್ಟಿಕೊಳ್ಳಿ

ಇದೇ ಎಲ್ಲಕ್ಕಿಂತ ಕಷ್ಟದ ಹೆಜ್ಜೆ. 'ಇನ್ನೊಂದು ವಾರ ನೋಡೋಣ' ಎನ್ನುತ್ತಾ ಆಗಸ್ಟ್ ಕಳೆದುಬಿಡುತ್ತದೆ, ಆಮೇಲೆ ಯಾವ ಬೆಳೆಗೂ ಕಾಲ ಉಳಿದಿರುವುದಿಲ್ಲ. ಮೇ ತಿಂಗಳಲ್ಲೇ, ತಲೆ ತಣ್ಣಗಿರುವಾಗ, ಮನೆಯವರೆಲ್ಲ ಕೂತು ತಾರೀಖುಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಮುಂಗಾರಿಗೆ ನಾನು ಸೂಚಿಸುವುದು ಹೀಗಿದೆ. ನಿಮ್ಮೂರಿಗೆ ತಕ್ಕಂತೆ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರದವರನ್ನು ಕೇಳಿ ಹೊಂದಿಸಿಕೊಳ್ಳಿ.

ಜುಲೈ 15ರ ಹೊತ್ತಿಗೆ ಜಲಾಶಯದಲ್ಲಿ ಎಷ್ಟು ಟಿಎಂಸಿ ಇದೆ, ನೀರಾವರಿ ಸಲಹಾ ಸಮಿತಿ ಸಭೆ ಏನು ತೀರ್ಮಾನಿಸಿದೆ ನೋಡಿ. ನೀರು ಬಿಡುವ ತಾರೀಖು, ಎಷ್ಟು ಕಟ್ಟು ಎಂಬುದು ಪ್ರಕಟವಾಗದಿದ್ದರೆ ದೀರ್ಘಾವಧಿ ಭತ್ತಕ್ಕೆ ಒಟ್ಟಲು (ಸಸಿಮಡಿ) ಹಾಕಬೇಡಿ. ಒಟ್ಟಲು ಹಾಕಿದ ಮೇಲೆ ನೀರು ತಡವಾದರೆ ಸಸಿ ಬಲಿತು, ನಾಟಿ ಮಾಡಿದರೂ ತೆಂಡೆ (ಬುಡದ ಮರಿಪೈರು) ಒಡೆಯುವುದಿಲ್ಲ. ಆಗಸ್ಟ್ 10 ದಾಟಿತೆಂದರೆ ದೀರ್ಘಾವಧಿ ಭತ್ತದ ಆಸೆ ಬಿಡಿ. ಅಲ್ಪಾವಧಿ ತಳಿ ಅಥವಾ ನೀರು ನಿಲ್ಲಿಸದೆ ಬೆಳೆಯುವ ಏರೋಬಿಕ್ ಭತ್ತ ನೋಡಬಹುದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಎಂಎಎಸ್ 946-1, ಅಂದರೆ 'ಶಾರದಾ', ಈ ಉದ್ದೇಶಕ್ಕೇ ಬಂದ ತಳಿ. ಕಳೆ ಕಾಟ ಮಾತ್ರ ಹೆಚ್ಚು, ಮೊದಲ ನಲವತ್ತು ದಿನ ಕಣ್ಣಿಟ್ಟಿರಬೇಕು.

ಬೋರೆ ಹೊಲದವರಿಗೆ, ಅಂದರೆ ಎತ್ತರದ ಒಣಭೂಮಿಯವರಿಗೆ, ರಾಗಿಯ ಲೆಕ್ಕ ಬೇರೆ. ಜುಲೈನಲ್ಲಿ ಹದ ಸಿಕ್ಕರೆ ಜಿಪಿಯು-28, ಎಂಎಲ್-365ನಂಥ ಮಧ್ಯಮಾವಧಿ ತಳಿ. ಆಗಸ್ಟ್ ಮಧ್ಯ ದಾಟಿದರೆ ನೂರು ದಿನದ ಆಸುಪಾಸಿಗೆ ಬರುವ ಜಿಪಿಯು-48 ಅಥವಾ ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಿಂದ ಬಂದ ಕೆಎಂಆರ್-204. ಆಗಸ್ಟ್ ಕೊನೆಗೂ ಮಳೆ ಆಗದಿದ್ದರೆ ಹುರುಳಿ, ಸೆಪ್ಟೆಂಬರ್ ಮಧ್ಯದವರೆಗೂ ಅದಕ್ಕೆ ಅವಕಾಶವಿದೆ. ಅದೂ ತಪ್ಪಿದರೆ ದನಗಳಿಗೆ ಮೇವಿನ ಜೋಳ. ಬರದ ವರ್ಷ ಮೇವಿನ ಬೆಲೆ ಏನಾಗುತ್ತದೆಂದು 2023–24ರಲ್ಲಿ ನೋಡಿದ್ದೇವೆ.

ಎರಡನೇ ಬೆಳೆಯ ಬೀಜ ಮೊದಲೇ ಮನೆಯಲ್ಲಿರಲಿ. ಮಳೆ ತಡವಾದ ವರ್ಷ ಎಲ್ಲರೂ ಒಂದೇ ವಾರ ಅಲ್ಪಾವಧಿ ಬೀಜ ಕೇಳಿಕೊಂಡು ಹೋಗುತ್ತಾರೆ, ದಾಸ್ತಾನು ಸಾಲುವುದಿಲ್ಲ. ಆರೇಳು ಮನೆಯವರು ಸೇರಿ ಐವತ್ತು ಕೆ.ಜಿ. ರಾಗಿ, ಇಪ್ಪತ್ತು ಕೆ.ಜಿ. ಹುರುಳಿ ಬೇವಿನ ಸೊಪ್ಪಿನ ಜೊತೆ ಕಟ್ಟಿಟ್ಟರೆ ಸಾಕು.

ಹೆಜ್ಜೆ 6: ಭತ್ತದ ಗದ್ದೆಗೆ ಒಂದಡಿ ಪೈಪ್

ಭತ್ತ ಬಿಡಲಾಗದ ಗದ್ದೆಗಳಿವೆ. ತಗ್ಗು ಜಾಗ, ಜೌಗು ಮಣ್ಣು, ಬೇರೆ ಬೆಳೆ ನಿಲ್ಲುವುದಿಲ್ಲ. ಅಲ್ಲಿಯೂ ನೀರು ಉಳಿಸಬಹುದು. ಭತ್ತ ನೀರಿನಲ್ಲಿ ಬದುಕಬಲ್ಲ ಗಿಡ, ಹಾಗೆಂದು ಸದಾ ನೀರಿನಲ್ಲೇ ನಿಂತಿರಬೇಕಾಗಿಲ್ಲ. ಮೇಲೆ ನೀರು ಕಾಣದಿದ್ದರೂ ಬೇರಿನ ಮಟ್ಟದಲ್ಲಿ ಇದ್ದೇ ಇರುತ್ತದೆ. ಅದನ್ನು ಕಣ್ಣಿಗೆ ಕಾಣುವಂತೆ ಮಾಡುವುದೇ ಈ ಪೈಪಿನ ಕೆಲಸ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಪ್ರಚಾರಕ್ಕೆ ತಂದ ಈ ಕ್ರಮದಲ್ಲಿ ಇಳುವರಿ ಕುಗ್ಗದೆ ಶೇ 30ರವರೆಗೆ ನೀರು ಉಳಿಯುತ್ತದೆ. ನಿಂತ ನೀರಿನ ಗದ್ದೆಯಿಂದ ಏಳುವ ಮೀಥೇನ್ ಅನಿಲವೂ ತಗ್ಗುತ್ತದೆ.

ಆರಿಂಚಿನ ಪಿವಿಸಿ ಪೈಪನ್ನು 30 ಸೆಂ.ಮೀ. ಉದ್ದಕ್ಕೆ ಕೊಯ್ಯಿರಿ. ನಾಲ್ಕಿಂಚಿನದೂ ನಡೆಯುತ್ತದೆ, ಆದರೆ ಒಳಗೆ ಕೈ ಹಾಕಿ ಮಣ್ಣು ತೆಗೆಯಲು ಆರಿಂಚೇ ಅನುಕೂಲ. ಕೆಳಗಿನ ಅರ್ಧಕ್ಕೆ ಸುತ್ತಲೂ ಎರಡು ಸೆಂ.ಮೀ.ಗೊಂದರಂತೆ, ಕಡಲೆಕಾಳು ಸಿಕ್ಕಿಕೊಳ್ಳುವಷ್ಟು ತೂತು ಮಾಡಿ. ಡ್ರಿಲ್ ಇಲ್ಲದಿದ್ದರೆ ಕಾದ ಕಂಬಿ ಸಾಕು. ನಾಟಿಯಾದ ಮೇಲೆ, ಗದ್ದೆಯ ಸಮತಟ್ಟಾದ ಕಡೆ, ಬದುವಿನಿಂದ ಬಗ್ಗಿ ನೋಡಲು ಸಿಗುವಂತೆ ತೂತಿರುವ ಅರ್ಧವನ್ನು ಮಣ್ಣಿಗೆ ಇಳಿಸಿ. 15 ಸೆಂ.ಮೀ. ಒಳಗೆ, 15 ಸೆಂ.ಮೀ. ಹೊರಗೆ. ಪೈಪಿನ ಒಳಗಿನ ಮಣ್ಣನ್ನು ತಳದವರೆಗೂ ಬಾಚಿ ತೆಗೆಯಿರಿ. ಸ್ವಲ್ಪ ಹೊತ್ತಿನಲ್ಲಿ ಒಳಗಿನ ನೀರೂ ಹೊರಗಿನ ನೀರೂ ಒಂದೇ ಮಟ್ಟಕ್ಕೆ ಬರಬೇಕು. ಬರದಿದ್ದರೆ ತೂತು ಕೆಸರಿನಿಂದ ಮುಚ್ಚಿದೆ ಎಂದರ್ಥ, ಎತ್ತಿ ತೊಳೆದು ಮತ್ತೆ ಹೂಳಿ.

ನಾಟಿಯಾದ ಮೊದಲ ಎರಡು ವಾರ ಕಳೆ ಅಡಗಿಸಲು ತೆಳುವಾಗಿ ನೀರು ನಿಲ್ಲಿಸಿ. ಅಲ್ಲಿಂದ ಮುಂದೆ ನೀರು ಕಟ್ಟಿದರೆ ಐದು ಸೆಂ.ಮೀ.ಗೆ ನಿಲ್ಲಿಸಿ, ತಾನಾಗಿ ಇಳಿಯಲು ಬಿಡಿ. ಮೇಲ್ಮಣ್ಣು ಬಿರುಕು ಬಿಡುವ ಹಾಗೆ ಕಂಡಾಗ ಎದೆ ಧಸಕ್ಕೆನ್ನುತ್ತದೆ. ಆಗ ಪೈಪಿನಲ್ಲಿ ಇಣುಕಿ ನೋಡಿ, ಏಳೆಂಟು ಸೆಂ.ಮೀ. ಕೆಳಗೆ ನೀರು ಇರುತ್ತದೆ, ಬೇರಿಗೆ ಅದು ಸಿಗುತ್ತಿರುತ್ತದೆ. ಮಣ್ಣಿನ ಮಟ್ಟದಿಂದ 15 ಸೆಂ.ಮೀ. ಇಳಿದಾಗ ಮಾತ್ರ ಮತ್ತೆ ಐದು ಸೆಂ.ಮೀ. ಕಟ್ಟಿ. ಜೇಡಿಯಲ್ಲಿ ಇದಕ್ಕೆ ಹೆಚ್ಚು ದಿನ ಹಿಡಿಯುತ್ತದೆ, ಮರಳು ಮಣ್ಣಿನಲ್ಲಿ ಕಡಿಮೆ. ಹೂ ಬಿಡುವ ಒಂದು ವಾರ ಮೊದಲಿನಿಂದ ಒಂದು ವಾರ ಆದಮೇಲಿನವರೆಗೆ ಈ ಕ್ರಮ ನಿಲ್ಲಿಸಿ, ನೀರು ನಿಂತೇ ಇರಲಿ. ಆ ಹೊತ್ತಿನಲ್ಲಿ ಒಣಗಿದರೆ ಜೊಳ್ಳು. ಯೂರಿಯಾ ಹಾಕುವುದಿದ್ದರೆ ನೀರು ಕಟ್ಟುವುದಕ್ಕೆ ಸ್ವಲ್ಪ ಮೊದಲು, ಒಣಗಿದ ಮಣ್ಣಿಗೆ ಹಾಕಿ.

ಒಂದು ಎಚ್ಚರಿಕೆ. ನೀರು ಬೇಕೆಂದಾಗ ಸಿಗುವವರಿಗೆ ಮಾತ್ರ ಇದು. ಬೋರ್ ಇರುವವರು, ನಾಲೆಯ ಕಟ್ಟು ತಪ್ಪದೆ ಬರುವವರು ಮಾಡಬಹುದು. ಮುಂದಿನ ಕಟ್ಟು ಯಾವಾಗ ಬರುತ್ತದೋ ತಿಳಿಯದ ಕೊನೆಯಂಚಿನ ರೈತರಿಗೆ ಗದ್ದೆ ಒಣಗಲು ಬಿಡಿ ಎಂದು ಹೇಳುವ ಧೈರ್ಯ ನನಗಿಲ್ಲ. ಮೇಲಿನ ಗದ್ದೆಯವರು ಪೈಪ್ ಹಾಕಿದರೆ ಆ ಉಳಿದ ನೀರು ಕೊನೆಯಂಚಿಗೆ ಮುಟ್ಟುತ್ತದೆ, ನ್ಯಾಯ ಇರುವುದು ಅಲ್ಲಿ.

ಕಬ್ಬಿನವರು ಕೊಯ್ಲಾದ ಮೇಲೆ ತರಗು ಸುಡಬೇಡಿ. ಸಾಲಿನ ನಡುವೆ ಹಾಸಿ, ಬಿಟ್ಟು ಬಿಟ್ಟು ಸಾಲಿಗೆ ನೀರು ಕೊಡಿ. ಹನಿ ನೀರಾವರಿಗೆ ಸಹಾಯಧನ ಎಷ್ಟೆಂದು ರೈತ ಸಂಪರ್ಕ ಕೇಂದ್ರದಲ್ಲಿ ಆಯಾ ವರ್ಷ ವಿಚಾರಿಸಿ.

ಹೆಜ್ಜೆ 7: ಬಿದ್ದ ಮಳೆ ಹೊಲ ಬಿಟ್ಟು ಹೋಗದಿರಲಿ

ಇಳಿಜಾರಿಗೆ ಅಡ್ಡವಾಗಿ ಉಳುಮೆ, ಒಡೆದ ಬದುಗಳ ದುರಸ್ತಿ, ಎಂಟು ಹತ್ತು ಸಾಲಿಗೊಂದು ಆಳದ ಸಾಲು. ಇವು ಅಜ್ಜಂದಿರಿಗೂ ಗೊತ್ತಿದ್ದವು. ಹೊಸದಾಗಿ ಲೆಕ್ಕ ಹಾಕಬೇಕಾದ್ದು ಕೃಷಿ ಹೊಂಡದ್ದು.

12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳದ ಹೊಂಡ, ಅಂಚು ಇಳಿಜಾರಾಗಿ ತೆಗೆದರೆ, ಸುಮಾರು ಎರಡೂವರೆ ಲಕ್ಷ ಲೀಟರ್ ಹಿಡಿಯುತ್ತದೆ. ಎರಡು ಎಕರೆ ಕೆಂಪು ಮಣ್ಣಿನ ಹೊಲಕ್ಕೆ 50 ಮಿ.ಮೀ. ರಭಸದ ಮಳೆ ಬಿದ್ದು, ಅದರಲ್ಲಿ ಶೇ 15 ಹರಿದು ಬಂತು ಅನ್ನಿ. 60,000 ಲೀಟರ್ ಆಯಿತು. ಅಂಥ ನಾಲ್ಕು ಮಳೆಗೆ ಹೊಂಡ ತುಂಬುತ್ತದೆ. ಒಂದು ಎಕರೆ ರಾಗಿಗೆ 25 ಮಿ.ಮೀ. ಒಂದು ಸಲ ತುಂತುರು ಕೊಡಲು ಲಕ್ಷ ಲೀಟರ್ ಬೇಕು. ಆವಿಯಾಗುವುದನ್ನು ಕಳೆದರೆ ತುಂಬಿದ ಹೊಂಡ ಒಂದು ಎಕರೆಗೆ ಎರಡು ಸಲ ಜೀವನೀರು ಕೊಡುತ್ತದೆ. ತೆನೆ ಹೊರಡುವಾಗ ಒಂದು, ಕಾಳು ಕಟ್ಟುವಾಗ ಒಂದು. ಸೆಪ್ಟೆಂಬರ್‌ನ ಹುಬ್ಬೆ, ಉತ್ತರೆ ಮಳೆ ಕೈಕೊಟ್ಟ ವರ್ಷ ಬೆಳೆ ಉಳಿಯುವುದಕ್ಕೂ ಹೋಗುವುದಕ್ಕೂ ಇರುವ ವ್ಯತ್ಯಾಸ ಈ ಎರಡು ನೀರು. ಈ ಹೊಂಡದ ಭರವಸೆಯ ಮೇಲೆ ಭತ್ತವನ್ನೋ ಬಾಳೆಯನ್ನೋ ಇಡಬೇಡಿ, ಸಾಲದು.

ನೀರು ಒಳಬರುವ ಕಡೆ ಚಿಕ್ಕ ಹೂಳುಗುಂಡಿ ಇರಲಿ, ಇಲ್ಲದಿದ್ದರೆ ಕೆಲವೇ ವರ್ಷದಲ್ಲಿ ಹೊಂಡ ಮುಚ್ಚುತ್ತದೆ. ಸುತ್ತ ತಂತಿಬೇಲಿ ಹಾಕದೆ ಪಾಲಿಥೀನ್ ಹಾಸಬೇಡಿ. ಜಾರುವ ಹಾಳೆಯ ಮೇಲೆ ಒಮ್ಮೆ ಬಿದ್ದ ಮಗು ಹತ್ತಿ ಬರಲಾರದು. ಒಂದು ಹಗ್ಗ, ಗಾಳಿ ತುಂಬಿದ ಟ್ಯೂಬ್ ಹೊಂಡದ ಬಳಿ ಕಟ್ಟಿಡಿ.

ಹೆಜ್ಜೆ 8: ಊರಿನ ಕೆರೆಗೂ ಲೆಕ್ಕ ಬರೆಯಿರಿ

ನಿಮ್ಮೊಬ್ಬರ ನೋಟ್‌ಬುಕ್ ಸರಿ ಇದ್ದು ಊರಿನ ಲೆಕ್ಕ ತಪ್ಪಿದರೆ ಪ್ರಯೋಜನವಿಲ್ಲ, ಏಕೆಂದರೆ ಕೆರೆಯೂ ಅಂತರ್ಜಲವೂ ಎಲ್ಲರದು. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕುರಿ ಕಾಯುತ್ತಲೇ ಕುಂದೂರು ಬೆಟ್ಟದ ಇಳಿಜಾರಿನಲ್ಲಿ ಹತ್ತಕ್ಕೂ ಹೆಚ್ಚು ಕಟ್ಟೆ ತೋಡಿಸಿದರು. 2022ರಲ್ಲಿ ಅವರು ತೀರಿಕೊಂಡರು. ಒಬ್ಬರೇ ಅಷ್ಟು ಮಾಡಬಹುದಾದರೆ ಒಂದು ಊರು ಸೇರಿ ಎಷ್ಟು ಮಾಡಬಹುದು ಎಂದು ನಾನು ಆಗಾಗ ಯೋಚಿಸುತ್ತೇನೆ.

ಮಳೆಗಾಲ ಮುಗಿದ ಕೂಡಲೇ ಕೆರೆಯ ನೀರು ಎಷ್ಟು ಎಕರೆಗೆ ಹರಡಿದೆ, ಸರಾಸರಿ ಆಳ ಎಷ್ಟು ನೋಡಿ. 20 ಎಕರೆ ಹರವು, ಸರಾಸರಿ ಒಂದೂವರೆ ಮೀಟರ್ ಆಳ ಇದ್ದರೆ ಸುಮಾರು 12 ಕೋಟಿ ಲೀಟರ್. ಆವಿ, ಜಿನುಗು, ದನಕರು ಎಂದು ಮೂರರಲ್ಲಿ ಒಂದು ಪಾಲು ಕಳೆಯಿರಿ. ಉಳಿದ ಎಂಟು ಕೋಟಿಯಲ್ಲಿ ಭತ್ತ ಹಾಕಿದರೆ ಹದಿನಾರು ಎಕರೆ, ರಾಗಿ ಹಾಕಿದರೆ ನಲವತ್ತನಾಲ್ಕು ಎಕರೆ. ಇದನ್ನು ಬೋರ್ಡಿನಲ್ಲಿ ಬರೆದು ತೋರಿಸಿದರೆ ಸಭೆಯ ಮಾತೇ ಬೇರೆಯಾಗುತ್ತದೆ. 'ಯಾರಿಗೆ ನೀರು' ಎಂಬ ಜಗಳ 'ಯಾವ ಬೆಳೆ' ಎಂಬ ಚರ್ಚೆಗೆ ತಿರುಗುತ್ತದೆ.

ಬೇಸಿಗೆಯಲ್ಲಿ ಮಾಡಬೇಕಾದ ಕೆಲಸಗಳಲ್ಲಿ ಮೊದಲನೆಯದು ಕೆರೆಗೆ ನೀರು ತರುವ ಕಾಲುವೆಯ ತೆರವು. ಹೂಳು ತೆಗೆಸಲು ಎಲ್ಲರೂ ಓಡಾಡುತ್ತಾರೆ, ಕಾಲುವೆ ಒತ್ತುವರಿಯಾಗಿರುವುದನ್ನು ಯಾರೂ ಎತ್ತುವುದಿಲ್ಲ. ನೀರು ಬರುವ ದಾರಿಯೇ ಇಲ್ಲದ ಕೆರೆಯ ಹೂಳು ತೆಗೆದು ಏನು ಫಲ? ಆಮೇಲೆ ತೂಬು ಮತ್ತು ಕೋಡಿಯ ದುರಸ್ತಿ. ಕೆರೆಗೋಡನ್ನು, ಅಂದರೆ ಕೆರೆಯ ಹೂಳುಮಣ್ಣನ್ನು, ಹೊಲಗಳಿಗೆ ಹೊಡೆದುಕೊಂಡರೆ ಮಣ್ಣಿಗೆ ತೇವ ಹಿಡಿಯುವ ಶಕ್ತಿಯೂ ಬರುತ್ತದೆ. ಕೆರೆ ನೀರು ಹಂಚುವ ನೀರುಗಂಟಿ ಇರುವ ಊರುಗಳಲ್ಲಿ ಆತನ ಮಾತಿಗೆ ಬೆಲೆ ಕೊಡಿ, ಸಂಬಳವನ್ನು ಬಾಕಿ ಇಡಬೇಡಿ. ನಾಲೆ ಬಯಲಿನಲ್ಲಿ ಆ ಕೆಲಸ ನೀರು ಬಳಕೆದಾರರ ಸಹಕಾರ ಸಂಘದ್ದು. ಸಂಘದ ಸಭೆಗೆ ಕೊನೆಯಂಚಿನವರು ತಪ್ಪದೆ ಹೋಗಬೇಕು, ಕೊನೆಯ ಗದ್ದೆಯಿಂದ ಮೇಲಕ್ಕೆ ಸರದಿ ಶುರುವಾಗಲಿ ಎಂದು ಒತ್ತಾಯಿಸಬೇಕು. ಹೊಲದಲ್ಲಿ ಕೆಲಸ ಮಾಡುವ ಹೆಂಗಸರೂ ಆ ಸಭೆಯಲ್ಲಿರಲಿ. ನಾಟಿ, ಕಳೆ, ದನದ ನೀರು ಎಲ್ಲ ಅವರ ಕೈಯಲ್ಲಿರುವಾಗ ಲೆಕ್ಕ ಅವರನ್ನು ಬಿಟ್ಟು ಆಗುವುದಿಲ್ಲ.

ಹೆಜ್ಜೆ 9: ಅತಿಮಳೆಗೂ ತಯಾರಾಗಿ

ಗದ್ದೆಯ ತಗ್ಗಿನ ಮೂಲೆಯಿಂದ ಹಳ್ಳಕ್ಕೆ ಬಸಿಗಾಲುವೆ ಜೂನ್ ಮೊದಲೇ ತೆರೆದಿರಲಿ. ಹವಾಮಾನ ಇಲಾಖೆಯ 'ಮೇಘದೂತ್' ಆ್ಯಪ್‌ನಲ್ಲಿ ಮಂಗಳವಾರ, ಶುಕ್ರವಾರ ಜಿಲ್ಲಾವಾರು ಕೃಷಿ ಸಲಹೆ ಕನ್ನಡದಲ್ಲೇ ಬರುತ್ತದೆ. ಭಾರಿ ಮಳೆಯ ಸೂಚನೆ ಇದ್ದರೆ ಗೊಬ್ಬರ, ಔಷಧಿ ಹಾಕುವುದನ್ನು ಮುಂದೂಡಿ.

ಫಸಲ್ ಬಿಮಾ (ಬೆಳೆ ವಿಮೆ) ಕಂತು ಮುಂಗಾರಿನ ಆಹಾರ ಬೆಳೆಗೆ ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಬೆಳೆಗೆ ಶೇ 5. ಆಲಿಕಲ್ಲು ಮಳೆಯಂಥ ಸ್ಥಳೀಯ ವಿಕೋಪಕ್ಕೆ, ಕೊಯ್ದು ಹರಡಿದ ಬೆಳೆ ನೆಂದು ಹಾಳಾದದ್ದಕ್ಕೆ 72 ಗಂಟೆಯೊಳಗೆ ದೂರು ದಾಖಲಿಸಬೇಕು. ಫೋಟೊ ತೆಗೆಯುವಾಗ ಹೊಲದ ಗುರುತು ಸಿಗುವಂತೆ ತೆಗೆಯಿರಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ.

ಹೆಜ್ಜೆ 5ರಂತೆ ನಡುವೆ ಬೆಳೆ ಬದಲಿಸಿದವರು ಇದೊಂದನ್ನು ಮರೆಯಬಾರದು. ವಿಮೆ ಒಂದು ಬೆಳೆಗೆ ಕಟ್ಟಿ, ಬಿತ್ತಿದ್ದು ಇನ್ನೊಂದಾಗಿ, ಬೆಳೆ ಸಮೀಕ್ಷೆಯಲ್ಲಿ ಬೇರೇನೋ ನಮೂದಾಗಿದ್ದರೆ ಪರಿಹಾರ ಸಿಗುವುದಿಲ್ಲ. ವಿಮೆ ಕಟ್ಟುವ ಕೊನೆಯ ದಿನವನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಬೆಳೆ ಬದಲಿಸಿದ್ದನ್ನು ಬ್ಯಾಂಕಿಗೆ ಆ ದಿನಕ್ಕಿಂತ ಕನಿಷ್ಠ ಎರಡು ದಿನ ಮೊದಲೇ ತಿಳಿಸಿ. ಸಮೀಕ್ಷೆ ಮುಗಿದ ಮೇಲೆ 'ಬೆಳೆ ದರ್ಶಕ್' ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರ್ ಹಾಕಿ ನೋಡಿ. ರಾಗಿ ಇದ್ದ ಹೊಲಕ್ಕೆ ಭತ್ತ ಎಂದು ಬಂದಿದ್ದರೆ ಅಲ್ಲೇ ಆಕ್ಷೇಪಣೆ ಸಲ್ಲಿಸಿ, ಅದರ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಗ್ರಾಮ ಆಡಳಿತಾಧಿಕಾರಿಯನ್ನೂ ಕಂಡು ಬನ್ನಿ.